ಮಲೆಯ ಮೈಯಲ್ಲಿ ಭತ್ತ: ಹಾನಿ ಜನರ ಮೆಟ್ಟಿಲುಗದ್ದೆ ಮಾಡುವ ಬಗೆ

ಹೆಸರು ಕೇಳಿ ಗಾಬರಿಯಾಗಬೇಡಿ. ಚೀನಾದ ಯುನ್ನಾನ್ ಪ್ರಾಂತ್ಯದ ಹಾನಿ ಜನಾಂಗಕ್ಕೂ ನಮ್ಮ ಲಾಭ–ಹಾನಿಯ ಹಾನಿಗೂ ನಂಟಿಲ್ಲ. ಐಲಾವೊ ಬೆಟ್ಟಸಾಲಿನಲ್ಲಿ, ಕೆಂಪು ನದಿಯ ದಕ್ಷಿಣಕ್ಕಿರುವ ಕಡಿದಾದ ಇಳಿಜಾರುಗಳಲ್ಲಿ ಇವರು ಸುಮಾರು 1300 ವರ್ಷಗಳಿಂದ ಭತ್ತ ಬೆಳೆಯುತ್ತಿದ್ದಾರೆ. ಯುನೆಸ್ಕೊ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಭಾಗದ ವಿಸ್ತೀರ್ಣವೇ 16,603 ಹೆಕ್ಟೇರ್. ಕೆಲವೆಡೆ ಬೆಟ್ಟದ ಮೇಲಿನಿಂದ ಬುಡದವರೆಗೆ 3000 ಮೆಟ್ಟಿಲುಗಳಿವೆ. ಕನ್ನಡಿಯಂತೆ ಹೊಳೆಯುವ ಆ ನೀರಿನ ಫೋಟೊ ನೀವೂ ನೋಡಿರಬಹುದು. ನೀರು ಅಲ್ಲಿ ನಿಲ್ಲುವುದು ಹೇಗೆ ಎಂಬುದು ಮಾತ್ರ ಫೋಟೊದಲ್ಲಿ ಸಿಗುವುದಿಲ್ಲ.

ಮೊದಲು ಕಾಡು ಬಿಡಿ

ಕೆಲಸ ಶುರುವಾಗುವುದು ಗದ್ದೆಯಲ್ಲಲ್ಲ, ಬೆಟ್ಟದ ನೆತ್ತಿಯಲ್ಲಿ. ಅಲ್ಲಿನ ಮರಗಳಿಗೆ ಕೊಡಲಿ ಹಾಕುವಂತಿಲ್ಲ. ಕಣಿವೆಯಿಂದ ಏಳುವ ಮಂಜನ್ನೂ ಮಳೆಯನ್ನೂ ಹಿಡಿದಿಟ್ಟು ಬೇಸಿಗೆಯಲ್ಲೂ ತೊರೆಗಳನ್ನು ಹರಿಸುವುದು ಆ ಕಾಡೇ. ಕಾಡಿನ ಕೆಳಗೆ ಊರು, ಊರಿನ ಕೆಳಗೆ ಗದ್ದೆ, ಎಲ್ಲಕ್ಕೂ ಕೆಳಗೆ ನದಿ. ಈ ಕ್ರಮ ತಪ್ಪುವುದಿಲ್ಲ. ನೀರು ಮೊದಲು ಮನೆಗೆ ಬರುತ್ತದೆ, ಆಮೇಲೆ ಗದ್ದೆಗೆ ಇಳಿಯುತ್ತದೆ. ಭತ್ತವನ್ನು ಮಾತ್ರ ಬೆನ್ನ ಮೇಲೆ ಹೊತ್ತು ಮೇಲೇರಬೇಕು. ಅದು ಈ ಏರ್ಪಾಡಿಗೆ ತೆರುವ ಬೆಲೆ. ಪ್ರತಿ ಊರಿಗೂ ಕೈ ಹಚ್ಚಬಾರದ ಒಂದು ದೇವರಕಾಡು ಇರುತ್ತದೆ. ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಇಳಿಜಾರು ಕಡಿಯುವುದು

ಕಡಿದ ವರ್ಷವೇ ನೀರು ಕಟ್ಟುವ ಆತುರ ಬೇಡ. ಮೊದಲ ಕೆಲವು ವರ್ಷ ಒಣ ಮೆಟ್ಟಿಲಿನಲ್ಲಿ ಬೇರೆ ಬೆಳೆ ತೆಗೆಯುತ್ತಾರೆ. ಮಣ್ಣು ಕೂತು ಗಟ್ಟಿಯಾದ ಮೇಲೆ ಬದು ಕಟ್ಟಿ, ತುಳಿದು, ನೀರು ಬಿಡುತ್ತಾರೆ. ಮಟ್ಟ ನೋಡಲು ಬೇರೆ ಸಾಧನ ಏಕೆ? ನೀರು ಒಂದು ಮೂಲೆಯಲ್ಲಿ ನಿಂತು ಇನ್ನೊಂದು ಮೂಲೆ ಒಣಗಿದ್ದರೆ ಒಣಗಿದ ಕಡೆಯ ಮಣ್ಣನ್ನು ನೀರು ನಿಂತ ಕಡೆಗೆ ಎಳೆಯಬೇಕು, ಅಷ್ಟೆ. ಗದ್ದೆಯ ಆಕಾರವನ್ನು ಬೆಟ್ಟವೇ ಹೇಳುತ್ತದೆ: ಇಳಿಜಾರು ಸಣ್ಣದಿದ್ದಲ್ಲಿ ಅಗಲ ಗದ್ದೆ, ಕಡಿದಾದಲ್ಲಿ ಚಾಪೆ ಹಾಸುವಷ್ಟೇ ಜಾಗ.

ನೀರು ಹಂಚುವ ಮರ

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲಿ. ಕಾಲುವೆ ಕವಲೊಡೆಯುವ ಕಡೆ ಗಟ್ಟಿ ಮರದ ತೊಲೆಯೊಂದನ್ನು ನೀರಿಗೆ ಅಡ್ಡ ಮಲಗಿಸುತ್ತಾರೆ. ಕೆಲವೆಡೆ ಮರದ ಬದಲು ಕಲ್ಲು. ತೊಲೆಯ ಮೇಲಂಚಿನಲ್ಲಿ ಕಚ್ಚುಗಳಿರುತ್ತವೆ: ಒಂದು ಅಂಗೈ ಅಗಲ, ಪಕ್ಕದ್ದು ಎರಡು ಬೆರಳಿನಷ್ಟು. ಒಂದೊಂದು ಕಚ್ಚಿನಿಂದ ಧುಮುಕುವ ನೀರು ಒಂದೊಂದು ಪಾಲಿನ ಗದ್ದೆಗಳಿಗೆ ಹೋಗುತ್ತದೆ. ಕಚ್ಚಿನ ಅಗಲ ನಿರ್ಧಾರವಾಗುವುದು ಗದ್ದೆ ಎಷ್ಟಿದೆ, ಕಾಲುವೆ ತೋಡುವಾಗ ಯಾರು ಎಷ್ಟು ದುಡಿದರು ಎಂಬ ಲೆಕ್ಕದ ಮೇಲೆ. ತೊರೆ ತುಂಬಿ ಹರಿದರೂ ಸೊರಗಿದರೂ ಪಾಲು ಅದೇ ಪಾಲು. ಗಡಿಯಾರ ಬೇಡ, ಸರದಿ ಬೇಡ. ತೊಲೆಯ ಮೇಲೆ, ಕಾಲುವೆಯ ಮೇಲೆ ಕಣ್ಣಿಡಲು ಊರವರೇ ಒಬ್ಬ ಕಾಲುವೆ ಕಾವಲುಗಾರನನ್ನು ನೇಮಿಸುತ್ತಾರೆ. ಬಿದ್ದ ಎಲೆ, ಕುಸಿದ ಮಣ್ಣು ಎತ್ತುವುದೂ ಅವನದೇ ಕೆಲಸ. ಸಂಬಳವನ್ನು ಭತ್ತದ ರೂಪದಲ್ಲಿ ಕೊಡುವುದು ರೂಢಿ. ರಾತ್ರಿ ಕದ್ದು ಕಚ್ಚು ಅಗಲ ಮಾಡಿದವನು ಸಿಕ್ಕಿಬಿದ್ದರೆ ದಂಡ ಕಟ್ಟಬೇಕು.

ಗೊಬ್ಬರವೂ ಹರಿದೇ ಬರಲಿ

ಕಡಿದಾದ ದಾರಿಯಲ್ಲಿ ಗೊಬ್ಬರದ ಬುಟ್ಟಿ ಹೊತ್ತು ಇಳಿಯುವ ಬದಲು ಹಾನಿ ರೈತರು ಆ ಕೆಲಸವನ್ನೂ ನೀರಿಗೇ ವಹಿಸಿದ್ದಾರೆ. ಊರಿನ ಗೊಬ್ಬರದ ಹೊಂಡದಲ್ಲಿ ವರ್ಷವಿಡೀ ಎಮ್ಮೆ, ಹಂದಿಗಳ ಸಗಣಿ, ಒಲೆಯ ಬೂದಿ ಕೊಳೆಯುತ್ತದೆ. ಗೊತ್ತಾದ ದಿನ ಹೊಂಡಕ್ಕೆ ಕಾಲುವೆಯ ನೀರು ತಿರುಗಿಸಿ, ಗುದ್ದಲಿಯಿಂದ ಕದಡಿ ಕೆಳಗೆ ಬಿಡುತ್ತಾರೆ. ದಾರಿಯುದ್ದಕ್ಕೂ ಮನೆಯವರು ನಿಂತು ಬೇರೆಯವರ ಗದ್ದೆಯ ತೂಬುಗಳಿಗೆ ಮಣ್ಣು ಮೆತ್ತುತ್ತಾ ಹೋಗುತ್ತಾರೆ. ಇಲ್ಲವಾದರೆ ನಿಮ್ಮ ಸಗಣಿಗೆ ಪಕ್ಕದವರ ಭತ್ತ ಸೊಂಪಾಗಿ ಬೆಳೆದೀತು!

ವರ್ಷದ ಉಳಿದ ಕೆಲಸ

ಮಾರ್ಚ್ ಸುಮಾರಿಗೆ ಸಸಿಮಡಿ, ಏಪ್ರಿಲ್–ಮೇನಲ್ಲಿ ನಾಟಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೊಯ್ಲು. ಬೆಳೆಯುವುದು ಹೆಚ್ಚಾಗಿ ಕೆಂಪಕ್ಕಿಯ ನಾಟಿ ತಳಿಗಳು. ವರ್ಷಕ್ಕೆ ಒಂದೇ ಬೆಳೆ. ಸಸಿ ಬೇರೂರಿದ ಮೇಲೆ ಮೀನುಮರಿ, ಬಾತುಕೋಳಿ ಬಿಡುತ್ತಾರೆ. ಅವು ಹುಳ ತಿಂದು, ಕೆಸರು ಕೆದಕಿ, ಗೊಬ್ಬರವನ್ನೂ ಹಾಕುತ್ತವೆ. ಕೊಯ್ಲಿನ ಹೊತ್ತಿಗೂ ಗದ್ದೆ ಕೆಸರೇ ಆದ್ದರಿಂದ ಕಣ ಮಾಡುವ ಮಾತಿಲ್ಲ. ದೊಡ್ಡ ಮರದ ತೊಟ್ಟಿಯನ್ನು ಗದ್ದೆಯೊಳಗೇ ಎಳೆದಾಡುತ್ತಾ, ಅದರ ಗೋಡೆಗೆ ಭತ್ತದ ಕಟ್ಟು ಬಡಿದು ಕಾಳು ಉದುರಿಸುತ್ತಾರೆ.

ಇನ್ನು ಮರೆಯಬಾರದ ಮಾತು: ಗದ್ದೆ ಒಣಗಬಾರದು. ಒಣಗಿದರೆ ಬದು ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಮುಂದಿನ ಮಳೆಗೆ ಮೇಲಿನ ಗದ್ದೆ ಕೆಳಗಿನವರ ಗದ್ದೆಯ ಮೇಲೆ ಕುಸಿಯುತ್ತದೆ. ಯುವಕರು ಪಟ್ಟಣ ಸೇರಿ ಗದ್ದೆ ಪಾಳುಬಿದ್ದರೆ ಊರಿನ ಹಿರಿಯರು ಚಿಂತೆಗೆ ಬೀಳುವುದು ಇದಕ್ಕೇ. ಹೊರಗಿನಿಂದ ಬಂದು ಸೇರಿಕೊಂಡ ಕೆಂಪು ಸಿಗಡಿ ಜಾತಿಯ ಜೀವಿಯೊಂದು ಬದುಗಳಲ್ಲಿ ಬಿಲ ಕೊರೆದು ನೀರು ಸೋರಿಸುವುದು ಈಚಿನ ಕಾಟ.

ಹಾಗಾಗಿ ಕೊಯ್ಲು ಮುಗಿದೊಡನೆ ಕೂಳೆ ಉತ್ತು, ಬದುವಿನ ಗೋಡೆಯ ಕಳೆ ಕೆರೆದು ಕೆಸರಿಗೆ ತುಳಿದು, ಹೊಸ ಕೆಸರು ಮೆತ್ತಿ, ಮತ್ತೆ ನೀರು ತುಂಬುತ್ತಾರೆ. ಚಳಿಗಾಲದಲ್ಲಿ ಪ್ರವಾಸಿಗರು ನಸುಕಿಗೇ ಎದ್ದು ಫೋಟೊ ತೆಗೆಯುವ ಕನ್ನಡಿ ಇದೇ: ಬೆಳೆಯಿಲ್ಲದ ಗದ್ದೆ, ಆಗಷ್ಟೇ ಮೆತ್ತಿದ ಬದು.