ಸರಣಿಯ ನಡುವಿನ ಪುಸ್ತಕವನ್ನು ಮಕ್ಕಳೊಂದಿಗೆ ಓದುವ ಬಗೆ

ಅದ್ಭುತ ಸಾಹಸ ಸರಣಿಯ ನಡುವಿನ ಪುಸ್ತಕವು ಸಾಮಾನ್ಯವಾಗಿ ಹಿಂದಿನ ಕಥೆಯ ಎಳೆಗಳನ್ನು ಹಿಡಿದೇ ಮುಂದುವರಿಯುವುದರಿಂದ, ಅದನ್ನು ಕೈಗೆತ್ತಿಕೊಳ್ಳುವ ಮೊದಲು ಹಿಂದಿನ ಪುಸ್ತಕದ ಕೊನೆಯ ಎರಡು ಅಧ್ಯಾಯಗಳನ್ನು ಮಗುವಿನೊಂದಿಗೆ ಮತ್ತೊಮ್ಮೆ ಓದಬೇಕು. ಮೂರನೆಯ ಪುಸ್ತಕದಿಂದ ಓದಲು ತೊಡಗುವುದು ಸಲ್ಲದು.

ಇಂಗ್ಲಿಷ್ ಲೇಖಕ ಫಿಲಿಪ್ ಪುಲ್ಮನ್ ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಎಂಬ ಮೂರು ಪುಸ್ತಕಗಳ ಸರಣಿಯನ್ನೇ ನೋಡಿ. 1995ರ ಮೊದಲ ಪುಸ್ತಕದ ನಾಯಕಿ ಬೇರೊಂದು ಜಗತ್ತಿನ ಹುಡುಗಿ ಲೈರಾ. ಆದರೆ 1997ರ ‘ದಿ ಸಟ್ಲ್ ನೈಫ್’ ನಮ್ಮದೇ ಜಗತ್ತಿನ ವಿಲ್ ಎಂಬ ಹುಡುಗನಿಂದ ಆರಂಭವಾಗುತ್ತದೆ. ಲೈರಾ ಎಲ್ಲಿ ಎಂದು ಮಗು ಕೇಳಿದರೆ ಪುಟ ಹಾರಿಸದೆ, ಈ ಹುಡುಗ ಯಾವುದಕ್ಕೆ ಹೆದರಿದ್ದಾನೆ, ಯಾರನ್ನು ಕಾಪಾಡಲು ಹೊರಟಿದ್ದಾನೆ ಎಂಬುದನ್ನು ಗಮನಿಸಲು ಹೇಳಿ; ಹೊಸಬನ ಮೇಲೆ ಮಮತೆ ಹುಟ್ಟುವುದು ಅಲ್ಲಿಂದಲೇ.

ಮುಂದೆ ಜಗತ್ತುಗಳ ನಡುವೆ ಕಿಟಕಿ ಕತ್ತರಿಸುವ ಚಾಕು ಬರುತ್ತದೆ. ತೆರೆದ ಕಿಟಕಿಯನ್ನು ಮುಚ್ಚಲೇಬೇಕೆಂಬ ನಿಯಮವನ್ನು ಓದುವಾಗ ನಿಧಾನಿಸಿ. ಚಿತ್ರದುರ್ಗದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ: ಕೋಟೆಯ ಓಬವ್ವನ ಕಿಂಡಿಯ ಮುಂದೆ ನಿಂತವರಿಗೆ, ಒಬ್ಬರು ನುಸುಳುವಷ್ಟು ಸಂದಿಯೂ ಎಂಥ ಅಪಾಯವನ್ನು ಒಳಗೆ ಬಿಟ್ಟೀತೆಂದು ಬೇರೆ ಹೇಳಬೇಕಾಗಿಲ್ಲ.

ಕಥೆಯಲ್ಲಿ ಪ್ರಿಯ ಪಾತ್ರಗಳ ಸಾವಿದೆ. ಎಳೆಯ ಮಕ್ಕಳಿಗಾದರೆ ಹಿರಿಯರು ಮೊದಲೇ ಓದಿರುವುದು ಒಳಿತು. ಕೊನೆಯ ಪುಟದಲ್ಲಿ ಕಥೆ ಮುಗಿಯದೆ ನಿಲ್ಲುವುದರಿಂದ, 2000ದಲ್ಲಿ ಬಂದ ಮೂರನೆಯ ಪುಸ್ತಕವನ್ನು ಗ್ರಂಥಾಲಯದಿಂದ ಮುಂಚಿತವಾಗಿಯೇ ತಂದಿಟ್ಟುಕೊಳ್ಳಿ.