ಮಕ್ಕಳಿಗೆ ಹುಳುಗಳ ಮೇಲೆ ನಗೆಪದ್ಯ ಬರೆಯೋದು ಹೇಗೆ?

ಮೊದಲು ಪೆನ್ನು ಕೆಳಗಿಡಿ. ಒಂದು ನೊಣದ ಹತ್ತಿರ ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಅದು ಮುಂದಿನ ಎರಡು ಕಾಲು ಉಜ್ಜುತ್ತೆ, ಆಮೇಲೆ ತಲೆ ಒರೆಸುತ್ತೆ, ಆಮೇಲೆ ಹಿಂದಿನ ಕಾಲುಗಳಿಂದ ರೆಕ್ಕೆ ಸವರುತ್ತೆ. ಥೇಟ್ ಊಟಕ್ಕೆ ಕೂರುವ ಮೊದಲು ಕೈ ತೊಳೆದ ಹಾಗೆ. ಯಾಕೆ ಅಂದ್ರೆ ನೊಣ ರುಚಿ ನೋಡೋದು ಕಾಲಿನಿಂದ, ಅದಕ್ಕೇ ಕಾಲು ಸ್ವಚ್ಛವಾಗಿರಬೇಕು. ಇಷ್ಟು ಗೊತ್ತಾದ ಮೇಲೆ ನಗೆಯನ್ನು ಬೇರೆ ಎಲ್ಲೂ ಹುಡುಕಬೇಕಾಗಿಲ್ಲ:

ಕೈಯನುಜ್ಜಿ ಕುಳಿತುಕೊಂಡ
ನೊಣದ ರಾಯ ತೆಪ್ಪಗೆ
ಕಾಲನದ್ದಿ ರುಚಿಯ ನೋಡಿ
ಅಂದ, "ಎಲ್ಲ ಸಪ್ಪಗೆ!"

ಜೋರಾಗಿ ಓದಿ, ಚಪ್ಪಾಳೆ ತಟ್ಟಿ. ಕೈಯ-ನುಜ್ಜಿ-ಕುಳಿತು-ಕೊಂಡ. ಮೂರು ಮೂರು ಮಾತ್ರೆಯ ಗಣ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ, ಮಾತ್ರೆಗಳ ಗುಂಪು ಗಣ), ಕುಣಿಯೋಕೆ ಹೇಳಿ ಮಾಡಿಸಿದ್ದು. ಮಕ್ಕಳ ಪದ್ಯದಲ್ಲಿ ಲಯ ತಪ್ಪಿದರೆ ಎಷ್ಟು ಒಳ್ಳೆ ಕಲ್ಪನೆ ಇದ್ದರೂ ಬಿದ್ದುಹೋಗುತ್ತೆ, ಹಾಗಾಗಿ ಒಂದು ಮಗುವಿನ ಕೈಲಿ ಓದಿಸಿ, ಅದು ಎಲ್ಲಿ ತಡವರಿಸುತ್ತೋ ಅಲ್ಲಿ ಗೆರೆ ಹಾಕಿ, ಆ ಸಾಲು ಮತ್ತೆ ಬರೆಯಿರಿ. ಪ್ರಾಸಕ್ಕೋಸ್ಕರ ಮಗುವಿಗೆ ಅರ್ಥವಾಗದ ಪದ ತುರುಕಬೇಡಿ. ತೆಪ್ಪಗೆ, ಸಪ್ಪಗೆ ಥರದ ಮನೆಮಾತೇ ಸಾಕು. ಗುಂಯ್, ಪಟಪಟ, ಚಿರ್ರ್ ಅಂತ ಸದ್ದಿನ ಪದಗಳನ್ನು ಧಾರಾಳವಾಗಿ ಹಾಕಿ.

ಈಗ ಚಿತ್ರ. ಇಲ್ಲೇ ಜಾಸ್ತಿ ಜನ ಎಡವೋದು. ಪದ್ಯ ಹೇಳಿದ್ದನ್ನೇ ಚಿತ್ರ ಮತ್ತೆ ಹೇಳಿದರೆ ಏನು ಬಂತು? ನೊಣ ತಟ್ಟೆ ಮುಂದೆ ಕೂತಿದೆ ಅಂತ ಬರೆದುಬಿಟ್ಟರೆ ಮಗು ಒಂದು ಸಲ ನೋಡಿ ಪುಟ ತಿರುಗಿಸುತ್ತೆ. ಅದರ ಬದಲು ಮೇಜಿನ ಕೆಳಗೆ ಸಾಲಾಗಿ ಬಿಟ್ಟಿರುವ ಐದು ಪುಟಾಣಿ ಚಪ್ಪಲಿ ಬರೆಯಿರಿ, ಆರನೇದು ತಟ್ಟೆಯಲ್ಲಿ ತೇಲುತ್ತಿರಲಿ. ಪದ್ಯದಲ್ಲಿ ಚಪ್ಪಲಿಯ ಸುದ್ದಿಯೇ ಇಲ್ಲ. ಮಗು ಎಣಿಸುತ್ತೆ, ನೊಣದ ಆರು ಕಾಲಿಗೆ ಒಂದು ಕಮ್ಮಿ ಅನ್ನುತ್ತೆ, ಹುಡುಕುತ್ತೆ, ಸಿಕ್ಕಿದಾಗ ಕಿರುಚುತ್ತೆ. ಆ ಖುಷಿ ಮಗುವೇ ಕಂಡುಹಿಡಿದದ್ದು, ಅದಕ್ಕೇ ಅಷ್ಟು ಜೋರು.

ಮೈ ಮಾತ್ರ ಸರಿಯಾಗಿರಲಿ. ತಲೆ, ಎದೆ, ಹೊಟ್ಟೆ ಅಂತ ಮೂರು ಭಾಗ, ಆರು ಕಾಲು. ಆರೂ ಕಾಲು ಹುಟ್ಟೋದು ಎದೆಯಿಂದ, ಹೊಟ್ಟೆಯಿಂದ ಅಲ್ಲ. ನೊಣಕ್ಕೆ ಎರಡೇ ರೆಕ್ಕೆ, ಚಿಟ್ಟೆಗೂ ಜೇನಿಗೂ ನಾಲ್ಕು. ಜೇಡಕ್ಕೆ ಎಂಟು ಕಾಲು, ಅದು ಕೀಟಗಳ ಗುಂಪಿಗೇ ಸೇರೋದಿಲ್ಲ, ಆದರೂ ನೆಂಟನಾಗಿ ಕರೆಯಬಹುದು. ರಕ್ತ ಹೀರೋದು ಹೆಣ್ಣು ಸೊಳ್ಳೆ ಮಾತ್ರ, ಹಾಗಾಗಿ ಕಚ್ಚುವ ಪಾತ್ರಕ್ಕೆ 'ಸೊಳ್ಳೆ ಮಾಮ' ಅಂತ ಹೆಸರಿಡಬೇಡಿ, 'ಸೊಳ್ಳೆ ಅತ್ತೆ' ಅನ್ನಿ. ಪಕ್ಕದಲ್ಲಿ ಮಾಮ ಹೂವಿನ ರಸ ಕುಡೀತಾ ಕೂತಿರಲಿ! ಟೋಪಿ, ಕನ್ನಡಕ, ಮೀಸೆ ಏನು ಬೇಕಾದರೂ ಹಾಕಿ, ಆದರೆ ಮಗು ಆ ಪುಟ ನೋಡಿ ಹೊರಗೆ ಹೋಗಿ ನಿಜವಾದ ಹುಳುವನ್ನು ಗುರುತು ಹಿಡಿಯಬೇಕು ಅಲ್ವಾ?

ನಾಲ್ಕು ಎ4 ಹಾಳೆಗಳನ್ನು ಒಟ್ಟಿಗೆ ಮಡಚಿ ನಡುವೆ ಪಿನ್ನು ಹೊಡೆದರೆ 16 ಪುಟದ ಪುಸ್ತಕ ಸಿದ್ಧ. ಮೊದಲು ಪೆನ್ಸಿಲ್‌ನಲ್ಲಿ ಕಚ್ಚಾ ಮಾಡಿ. ನಗು ಬರಿಸುವ ಕೊನೆ ಸಾಲನ್ನು ಪುಟ ತಿರುಗಿಸಿದ ಮೇಲೆ ಇಡಿ. "ಕಾಲನದ್ದಿ ರುಚಿಯ ನೋಡಿ" ಬಲಗಡೆ ಪುಟದ ಕೊನೆಗೆ ಬಂದರೆ, ಮುಂದೇನು ಅಂತ ಮಗುವಿನ ಬೆರಳು ತಾನಾಗೇ ಪುಟದ ಮೂಲೆಗೆ ಹೋಗುತ್ತೆ.

ಒಂದು ವಿಷಯ ನನಗೆ ತುಂಬಾ ಮುಖ್ಯ. ಪದ್ಯದ ಕೊನೆಯಲ್ಲಿ ಹುಳುವನ್ನು ಚಪ್ಪಲಿಯಿಂದ ಹೊಡೆದು ನಗಿಸಬೇಡಿ. ಸಗಣಿ ಹುಳ ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ಉಂಡೆ ತಳ್ಳುತ್ತಾ ಹಿಮ್ಮುಖವಾಗಿ ನಡೆಯುತ್ತೆ. ಇಷ್ಟು ಹೇಳಿದರೆ ಸಾಕು, ಮಕ್ಕಳು ಬಿದ್ದು ಬಿದ್ದು ನಗ್ತಾರೆ, ಮಾರನೇ ದಿನ ತಾವೇ ತಲೆ ಕೆಳಗೆ ಮಾಡಿ ದಿಂಬು ತಳ್ಳೋಕೆ ಶುರು ಮಾಡ್ತಾರೆ.