ಹೊಳೆ ಹೊಳೆಯಲಿಲ್ಲ

ಕಾಸರಗೋಡಿನಿಂದ ಮಂಗಳೂರಿಗೆ ದಿನಾ ರೈಲಲ್ಲಿ ಹೋಗಿಬರುತ್ತಿದ್ದ ಕಾಲದಲ್ಲಿ ನನ್ನ ಜೊತೆಗೊಬ್ಬರು ಮಾಸ್ಟ್ರು ಇರುತ್ತಿದ್ದರು. ‘ದಿ ಹಿಂದೂ’ವಿನ ಗೂಢ ಪದಬಂಧ, ಅಂದರೆ ಸುಳಿವಿನೊಳಗೇ ಅಕ್ಷರದಾಟ ಬಚ್ಚಿಟ್ಟ ಪದಬಂಧ, ಬಿಡಿಸಿ ಪಳಗಿದವರು. ನನಗೆಂದೇ ಕನ್ನಡದಲ್ಲಿ ಸುಳಿವು ಕಟ್ಟಿ, ಹಳೇ ಟಿಕೆಟಿನ ಬೆನ್ನಿಗೆ ಬರೆದು ಕೊಡುತ್ತಿದ್ದರು. ಮೊದಲನೆಯದು ಇದು: ‘ಕುಂಕುಮದ ಮೊದಲಿಗೆ ಬಳೆ ಸೇರಿದರೆ ಪಾರ್ತಿಸುಬ್ಬನ ಊರು (3)’. ಕೊನೆಯ ಅಂಕೆ ಉತ್ತರದ ಅಕ್ಷರಗಳ ಲೆಕ್ಕ.

ನಾನು ಮದುವೆ, ಮುತ್ತೈದೆ ಅಂತೆಲ್ಲ ಯೋಚಿಸುತ್ತ ಕೂತೆ. ರೈಲು ಕುಂಬಳೆಯಲ್ಲಿ ನಿಂತು ಹೊರಟೂ ಆಯಿತು. ಕುಂಕುಮದ ಮೊದಲಕ್ಷರ ‘ಕುಂ’, ಪಕ್ಕದಲ್ಲಿ ‘ಬಳೆ’. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಬೋರ್ಡೇ ಕಿಟಕಿಯಾಚೆ ಇತ್ತು!

ಅಂದಿನಿಂದ ಸುಳಿವನ್ನು ವಾಕ್ಯ ಅಂತ ಓದುವುದನ್ನೇ ಬಿಟ್ಟೆ. ಉತ್ತರದ ನೇರ ಅರ್ಥ ಒಂದೋ ಸುಳಿವಿನ ತಲೆಯಲ್ಲಿರುತ್ತದೆ, ಇಲ್ಲ ಬಾಲದಲ್ಲಿ. ಮೊದಲು ಅಲ್ಲಿಗೊಂದು ಪೆನ್ಸಿಲ್ ಗೀಟು. ಉಳಿದದ್ದೆಲ್ಲ ಅಕ್ಷರದಾಟ. ‘ಗಂಡನ ಇನ್ನೊಬ್ಬಳಿಂದ ವಸತಿ ಅಸ್ತವ್ಯಸ್ತ (3)’ ಎಂದರೆ, ವಸತಿಯನ್ನು ಕಲಸಿದರೆ ಸವತಿ. ಇಂಗ್ಲಿಷಿನಲ್ಲಿ ಸ್ವರ ವ್ಯಂಜನ ಬಿಡಿಬಿಡಿಯಾಗಿ ಸಿಗುತ್ತವೆ, ಹೇಗೆ ಬೇಕಾದರೂ ಕಲಸಬಹುದು. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲ ಒಂದೇ ಮನೆಯಲ್ಲಿ. ‘ತಿ’ ಎಲ್ಲಿಗೆ ಹೋದರೂ ‘ತಿ’ಯೇ. ಹಾಗಾಗಿ ಈ ಜಾತಿಯ ಸುಳಿವು ಕಟ್ಟುವವರಿಗೆ ಕಷ್ಟ, ಬಿಡಿಸುವವರಿಗೆ ಸಲೀಸು.

ನಿಜವಾದ ತಲೆನೋವು ವಿಭಕ್ತಿ ಪ್ರತ್ಯಯ. ‘ಉಬ್ಬರಕ್ಕೆ ತಿರುಗಿದ ಹೊಳೆಗೆ ಎಂಟು ಜಾವ (2)’. ಆ ‘ಗೆ’ ಉತ್ತರದ ಪಾಲೋ, ಬರೀ ಅಂಟೋ? ಅದನ್ನೂ ಲೆಕ್ಕಕ್ಕೆ ಹಿಡಿದು ಮಂಜೇಶ್ವರದ ತನಕ ಒದ್ದಾಡಿದೆ. ಉದುರಿಸಿ ನೋಡಿದರೆ ಹೊಳೆ ಎಂದರೆ ನದಿ, ತಿರುಗಿಸಿದರೆ ದಿನ. ದಿನಕ್ಕೆ ಎಂಟು ಜಾವ. ಉಬ್ಬರದ ಹೊತ್ತಿಗೆ ಚಂದ್ರಗಿರಿಯ ಅಳಿವೆಯಲ್ಲಿ ನೀರು ಹಿಂದಕ್ಕೆ ಏರುವುದನ್ನು ನೋಡುತ್ತ ಬೆಳೆದವ ನಾನು. ಆದರೂ ಹೊಳೆ ಹೊಳೆಯಲಿಲ್ಲ.

ಈಗಲೂ ನಾಚಿಕೆಯಾಗುವುದು ಇನ್ನೊಂದಕ್ಕೆ: ‘ತಿಳಿವಳಿಕೆ: ಹಗೆಯ ಹಿಂದೆ ಹಾವಿನ ಬಾಲ (3)’. ಪ್ರತ್ಯಯ ಉದುರಿಸಲು ಆಗಲೇ ಕಲಿತಿದ್ದೆ, ಹಾವಿನ ಬಾಲ ‘ವು’ ಎಂದು ಥಟ್ಟನೆ ಸಿಕ್ಕಿತು. ಹಗೆಗೆ ವೈರಿ, ಶತ್ರು, ರಿಪು ಎಲ್ಲ ಹಾಕಿ ನೋಡಿದೆ, ‘ಅರಿ’ ಮಾತ್ರ ಬರಲಿಲ್ಲ. ಮಲಯಾಳದಲ್ಲಿ ಅರಿ ಎಂದರೆ ಅಕ್ಕಿ. ಅಂಗಡಿಯಲ್ಲಿ ದಿನಾ ಅದನ್ನೇ ಕೇಳುವ ಕಿವಿಗೆ ಅದು ಹಗೆ ಅಂತ ಎಲ್ಲಿ ಅನ್ನಿಸಬೇಕು? ಸಂಜೆ ವಾಪಸು ಬರುವಾಗ ಮಾಸ್ಟ್ರು ನನ್ನ ಕಾಲ ಬಳಿಯ ಚೀಲ ನೋಡಿ ನಕ್ಕರು.

“ಐದು ಕಿಲೋ ಹೊತ್ತುಕೊಂಡೇ ಹುಡುಕ್ತಾ ಇದ್ದೀರಲ್ಲ ಮಾರಾಯ್ರೆ!”